ಮೂರು ಮಹಡಿ ಇಳಿಯುವಷ್ಟು ಹೊತ್ತು

ನಮ್ಮ ಕಟ್ಟಡದವರಿಗೆ ಅದು ಇವತ್ತಿಗೂ ನಗುವ ವಿಷಯ. ಸೂರತ್ತಿನ ಕತಾರ್‌ಗಾಮ್‌ನಲ್ಲಿ ನಾವಿರುವ ಕಡೆ ಯಾರ ಮನೆಗೆ ನೆಂಟರು ಬಂದರೂ, ಚಹಾದ ಜೊತೆಗೆ ಒಮ್ಮೆ ಈ ಕತೆ ಬರುತ್ತದೆ: ಭೂಮಿ ಅಲುಗಾಡಿದಾಗ ಮೂರನೇ ಮಹಡಿಯ ಕನ್ನಡದ ಅಜ್ಜಿ ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡಿದರಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಮರ್ಯಾದೆಗೆ ಹಲ್ಲು ಕಿರಿಯುತ್ತೇನೆ, ಆದರೆ ನನಗೆ ನಗು ಬರುವುದಿಲ್ಲ.

ಆ ಅಜ್ಜಿ ನನ್ನ ಅತ್ತೆ. ಕುಂದಾಪುರದ ಕಡೆಯವರು. ಮದುವೆಯಾದ ಹೊಸದರಲ್ಲೇ ವಡೋದರಾಕ್ಕೆ ಬಂದು, ಮಾವ ಹಾಕಿದ ಉಡುಪಿ ಹೋಟೆಲಿನ ಮೇಲಿನ ಕೋಣೆಯಲ್ಲಿ ಸಂಸಾರ ಹೂಡಿದವರು. ಕೆಳಗೆ ಅಡುಗೆಯವರು, ಸಪ್ಲೈಯರು, ಪಾತ್ರೆ ತೊಳೆಯುವವರು ಎಲ್ಲರೂ ಊರ ಕಡೆಯವರೇ ಆದ್ದರಿಂದ, ಗುಜರಾತಿನಲ್ಲಿ ನಲವತ್ತು ವರ್ಷ ಕಳೆದರೂ ಅತ್ತೆಯ ಬಾಯಿಂದ ಒಂದು ಗುಜರಾತಿ ಮಾತು ಹೊರಟದ್ದನ್ನು ನಾವ್ಯಾರೂ ಕೇಳಿರಲಿಲ್ಲ. ತರಕಾರಿಯವನ ಹತ್ತಿರವೂ ಕುಂದಾಪುರದ ಕನ್ನಡದಲ್ಲೇ ಚೌಕಾಸಿ. ಅವನಿಗೂ ಅರ್ಥವಾಗುತ್ತಿತ್ತು.

ಮಾವ ಹೋದ ಮೇಲೆ ಹೋಟೆಲನ್ನು ಭಾವ ಮತ್ತು ನನ್ನ ಗಂಡ ನಡೆಸುತ್ತಿದ್ದಾರೆ. ಇವರು ಸೋಮವಾರ ಬೆಳಿಗ್ಗೆಯ ರೈಲಿಗೆ ವಡೋದರಾಕ್ಕೆ ಹೋದರೆ ಶನಿವಾರವೇ ಬರುವುದು. ನನಗೆ ಸಚಿನ್‌ನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಲ್ಯಾಬಿನಲ್ಲಿ. ಸೂರತ್ತಿನ ಈ ತುದಿಗೆ ಮನೆ, ಆ ತುದಿಯನ್ನೂ ದಾಟಿ ಕೆಲಸ. ಎರಡನೇ ಕ್ಲಾಸಿನ ಮಗಳು ಮಧ್ಯಾಹ್ನ ಶಾಲೆಯಿಂದ ಬಂದ ಮೇಲೆ ನಾನು ಸಂಜೆ ಮನೆ ಸೇರುವವರೆಗೆ ಅವಳಿಗೆ ಯಾರು ಎಂಬ ಪ್ರಶ್ನೆ ಎದ್ದಾಗ, ಯಾರೂ ಕೇಳುವ ಮೊದಲೇ ಅತ್ತೆ ಟ್ರಂಕು ಕಟ್ಟಿಕೊಂಡು ನಮ್ಮಲ್ಲಿಗೆ ಬಂದುಬಿಟ್ಟರು. ಮೊಣಕಾಲು ಆಗಲೇ ಕೆಟ್ಟಿತ್ತು. ಕಟ್ಟಡಕ್ಕೆ ಲಿಫ್ಟಿಲ್ಲ. ಒಮ್ಮೆ ಮೂರು ಮಹಡಿ ಹತ್ತಿ ಬಂದವರು, ಮಹಾಕಾರಣವಿಲ್ಲದೆ ಮತ್ತೆ ಇಳಿಯುತ್ತಿರಲಿಲ್ಲ.

ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲಿ. ಸುತ್ತಲಿನವರು ವಜ್ರ ಉಜ್ಜುವ ಕೆಲಸಕ್ಕೆ ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಟುಂಬಗಳು. ಅವರ ಮಕ್ಕಳ ಜೊತೆ ಆಡಿ ಇವಳ ಬಾಯಿಗೆ ಅವರದೇ ಗುಜರಾತಿ ಹತ್ತಿದೆ. ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ. ಅಜ್ಜಿಯನ್ನು ಅಜ್ಜಿ ಎನ್ನು ಎಂದು ಎಷ್ಟು ಸಲ ತಿದ್ದಿದರೂ ಪಕ್ಕದ ಮನೆಯ ಮಕ್ಕಳ ಹಾಗೆ 'ಬಾ' ಎಂದೇ ಕರೆಯುವುದು. ಅವರ ಭಾಷೆಯಲ್ಲಿ ಅಜ್ಜಿ, ತಾಯಿ, ಮನೆಯ ಹಿರಿಯ ಹೆಂಗಸು ಎಲ್ಲರೂ 'ಬಾ'. ಅತ್ತೆಗೆ ಮಾತ್ರ ಮೊಮ್ಮಗಳು ದಿನವಿಡೀ ತನ್ನನ್ನು ಹತ್ತಿರ ಕರೆಯುತ್ತಿದ್ದಾಳೆ ಅನ್ನಿಸುತ್ತದೆ ಎಂದೇ ನಾವು ತಿಳಿದಿದ್ದೆವು. "ಬಂದೆ ಮಗಾ, ಬಂದೆ" ಅನ್ನುತ್ತ ಕಾಲೆಳೆದುಕೊಂಡು ಹೋಗುತ್ತಿದ್ದರು.

ಇನ್ನೊಂದು ಮಾತು ಹೇಳದಿದ್ದರೆ ಕತೆ ತಿಳಿಯುವುದಿಲ್ಲ. ವಡೋದರಾ, ಅಹಮದಾಬಾದಿನ ಕಡೆ 'ನಡೆಯಿರಿ, ಹೊರಡಿ' ಎನ್ನಲು 'ಚಾಲೋ' ಅನ್ನುತ್ತಾರೆ. ನಮ್ಮ ಸೌರಾಷ್ಟ್ರದ ನೆರೆಹೊರೆಯವರ ಬಾಯಲ್ಲಿ ಅದು 'ಹಾಲೋ'.

ಆ ಮಧ್ಯಾಹ್ನ ಭೂಮಿ ಸ್ವಲ್ಪವೇ ಅಲುಗಿತು. ಸಚಿನ್‌ನಲ್ಲಿದ್ದ ನನಗೆ ಗೊತ್ತೇ ಆಗಲಿಲ್ಲ. ನಮ್ಮ ಕಟ್ಟಡದಲ್ಲಿ ಮಾತ್ರ ಫ್ಯಾನುಗಳು ತೂಗಿ, ಪಾತ್ರೆ ಸದ್ದಾಗಿ, ಮೆಟ್ಟಿಲ ತುಂಬ ಕೂಗು ಎದ್ದಿತು. ಮಗಳು ಬಾಗಿಲು ತೆಗೆದು ಒಳಗೆ ತಿರುಗಿ ಕಿರುಚಿದಳು: "ಬಾ, ಹಾಲೋ! ಝಟ್ ಹಾಲೋ!" ಅಜ್ಜೀ, ಬೇಗ ಹೊರಡು, ಎಂದು. ಅತ್ತೆಗೆ ಕೇಳಿಸಿದ್ದು: ಬಾ, ಹಾಲು! ಮಗು ಇಷ್ಟು ಗಾಬರಿಯಾಗಬೇಕಾದರೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿರಬೇಕು ಎಂದುಕೊಂಡು ಅತ್ತೆ ಅಡುಗೆಮನೆಗೆ ನಡೆದರು. ಅಜ್ಜಿ ಹಿಂದೆಯೇ ಬರುತ್ತಿದ್ದಾಳೆಂದು ನಂಬಿ ಮಗಳು ಎದುರು ಮನೆಯ ಹೆಂಗಸಿನ ಕೈ ಹಿಡಿದು ಮೂರೂ ಮಹಡಿ ಇಳಿದುಬಿಟ್ಟಳು. ಕೆಳಗೆ ನಿಂತು ಹಿಂತಿರುಗಿ ನೋಡಿದರೆ ಅಜ್ಜಿ ಇಲ್ಲ. ಅತ್ತೆ ಮೇಲೆ ಒಲೆಯ ಮುಂದೆ ಇಕ್ಕಳ ಹಿಡಿದು ನಿಂತು, ತಣ್ಣಗಿದ್ದ ಹಾಲಿನ ಪಾತ್ರೆಯನ್ನು ನೋಡುತ್ತಿದ್ದರು.

ಎದುರು ಮನೆಯಾಕೆ ನನಗೆ ಫೋನು ಮಾಡಿ ಇದನ್ನು ಹೇಳಿದಾಗ ನಗು ತಡೆಯಲಾರದೆ ಮಾತು ಅರ್ಧರ್ಧ ನುಂಗುತ್ತಿದ್ದಳು. ಒಳ್ಳೆಯ ಹೆಂಗಸು, ನನ್ನ ಮಗಳಿಗೆ ಆಪತ್ತಿಗಾದವಳು. ಆದರೂ ಆ ಕ್ಷಣ ಅವಳ ಬಾಯಿ ಮುಚ್ಚಿಸಬೇಕು ಅನ್ನಿಸಿತು. ನನಗೆ ಕಂಡದ್ದು ಬೇರೆಯೇ: ಒಂದೇ ಮನೆಯಲ್ಲಿ ಇಬ್ಬರು, ಒಬ್ಬಳು ಓಡಿಹೋಗು ಅನ್ನುತ್ತಿದ್ದಾಳೆ, ಇನ್ನೊಬ್ಬರು ಒಳಗೆ ಹೋಗುತ್ತಿದ್ದಾರೆ. ಅಲುಗಾಟ ಜೋರಾಗಿದ್ದಿದ್ದರೆ?

ಅವತ್ತು ಸಂಜೆ ನಾನು ಅತ್ತೆಯ ಮೇಲೆ ರೇಗಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

"ಅತ್ತೆ, ಭೂಮಿ ನಡುಗುದ್ ನಿಮ್ಗ್ ಗೊತ್ತೇ ಆಯ್ಲಿಲ್ಯಾ?"

"ಗೊತ್ತಾಯ್ತ್. ಒಲೆ ಹತ್ರ ಹೋದ್ಮೇಲ್ ಗೊತ್ತಾಯ್ತ್."

"ಮತ್ತೆ ಹೊರ್ಗ್ ಬಪ್ಪುದಲ್ದಾ?"

"ಗ್ಯಾಸ್ ಬಂದ್ ಮಾಡ್ದೆ ಹೋಪುದ್ ಹ್ಯಾಂಗೆ ಮಾರಾಯ್ತಿ?"

ಗ್ಯಾಸಿನ ವಿಷಯದಲ್ಲಿ ಅತ್ತೆಯ ಜೊತೆ ವಾದ ಮಾಡಿ ಗೆದ್ದವರಿಲ್ಲ. ಎರಡು ಸಾವಿರದ ಒಂದರ ಗಣರಾಜ್ಯೋತ್ಸವದ ಬೆಳಿಗ್ಗೆ ಗುಜರಾತೆಲ್ಲ ನಡುಗಿದಾಗ ಅತ್ತೆ ಹೋಟೆಲಿನ ಅಡುಗೆಮನೆಯಲ್ಲಿದ್ದರು. ರಜೆಯ ದಿನ, ಗಿರಾಕಿಗಳು ತುಂಬಿದ್ದರು. ಎಲ್ಲರೂ ಬೀದಿಗೆ ಓಡಿದರು, ವಡೆ ಕರಿಯುವವನು ಜಾಲರಿ ಸೌಟನ್ನು ಕೈಯಲ್ಲೇ ಹಿಡಿದು ಓಡಿದ. ಎಣ್ಣೆಯ ಬಾಣಲೆ ಒಲೆಯ ಮೇಲೆ ಆ ಕಡೆ ಈ ಕಡೆ ತುಳುಕುತ್ತಿತ್ತು. ಅತ್ತೆ ಒಂದೊಂದೇ ಒಲೆ ಆರಿಸಿ, ಸಿಲಿಂಡರಿನ ಕಿವಿ ತಿರುಗಿಸಿ, ಆಮೇಲೆ ಹೊರಗೆ ಬಂದರು. ಹೋಟೆಲು ಉಳಿದದ್ದು ಅದರಿಂದಲೇ ಎಂದು ಭಾವ ಈಗಲೂ ಹೇಳುತ್ತಾರೆ. ಇಂಥವರಿಗೆ ನಾನು ಏನು ಪಾಠ ಹೇಳುವುದು?

ಆದರೆ ಅವತ್ತು ಅತ್ತೆಗೆ ಗಟ್ಟಿ ಮೊಣಕಾಲಿತ್ತು. ಅವತ್ತಿನ ಅಡುಗೆಮನೆ ನೆಲದ ಮೇಲಿತ್ತು.

ಕಾರ್ಖಾನೆಯಲ್ಲಿ ನಮಗೆ ವರ್ಷಕ್ಕೆ ಹಲವು ಸಲ ಅಣಕು ಕಸರತ್ತು ಮಾಡಿಸುತ್ತಾರೆ. ಸೈರನ್ ಕೂಗುತ್ತದೆ, ಗಾಳಿ ಯಾವ ಕಡೆ ಎಂದು ನೋಡಿಕೊಂಡು ನಾವೆಲ್ಲ ಗೇಟಿನ ಬಳಿಯ ಬಯಲಿಗೆ ಹೋಗಿ ಸಾಲಾಗಿ ನಿಲ್ಲುತ್ತೇವೆ, ತಲೆ ಎಣಿಸುತ್ತಾರೆ, ಎಲ್ಲ ಸರಿಯಿದೆ ಎಂದು ಫೋಟೋ ತೆಗೆಯುತ್ತಾರೆ. ದಿನ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಅವತ್ತು ಎಲ್ಲರೂ ಒಳ್ಳೆಯ ಬೂಟು ಹಾಕಿಕೊಂಡು ಬರುತ್ತಾರೆ, ಚಹಾವನ್ನು ಅರ್ಧ ಗಂಟೆ ಬೇಗ ಕುಡಿಯುತ್ತಾರೆ. ಮುಂಚೆಯೇ ತಿಳಿಸಿ ಬರುವ ಅಪಾಯಕ್ಕೆ ನಾವೆಲ್ಲ ಶೂರರೇ. ಇದೇ ನಾನು ಮನೆಯಲ್ಲಿ ಮಾತ್ರ ಒಂದು ದಿನವೂ ಇಂಥದ್ದನ್ನು ಯೋಚಿಸಿರಲಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಜಾತಿ ನಮ್ಮದು ಎಂದು ನನ್ನನ್ನೇ ಬೈದುಕೊಂಡು, ಮುಂದಿನ ಭಾನುವಾರದಿಂದಲೇ ಮನೆಯಲ್ಲಿ ಕಸರತ್ತು ಶುರು ಮಾಡಿದೆ.

ಮೊದಲ ಕಷ್ಟ ಮಾತಿನದ್ದೇ. ನಡುಗುವಾಗ ಮೆಟ್ಟಿಲಿಳಿದು ಓಡಬಾರದು, ಗಟ್ಟಿ ಮೇಜಿನ ಕೆಳಗೆ ಸೇರಿಕೊಳ್ಳಬೇಕು, ನಿಂತ ಮೇಲೆ ಇಳಿಯಬೇಕು ಎಂದು ಮಗಳ ಶಾಲೆಯಲ್ಲಿ ಕಲಿಸಿದ್ದರು. ಅದಕ್ಕೆ ನಾನು "ಕೆಳಗೆ!" ಎಂದು ಕೂಗುವುದೆಂದು ಗೊತ್ತು ಮಾಡಿದೆ. ಕೂಗಿದೆ. ಮಗಳು ಮೇಜಿನ ಕೆಳಗೆ ನುಗ್ಗಿದಳು. ಅತ್ತೆ ಚಪ್ಪಲಿ ಹುಡುಕತೊಡಗಿದರು. ಅವರ ಮಟ್ಟಿಗೆ ಕೆಳಗೆ ಎಂದರೆ ಬೀದಿ. ಸಾಯಲಿ ಎಂದು "ಕೂತ್ಕೊಳ್ಳಿ" ಎಂದೆ. ಅತ್ತೆ ಕೂತರು, ಗಾಜಿನ ಕಪಾಟಿನ ಬುಡದಲ್ಲಿ.

ಕೊನೆಗೆ ಮಾತು ಹುಡುಕಿಕೊಟ್ಟದ್ದು ಅತ್ತೆಯೇ. ಊರಲ್ಲಿ ಗದ್ದೆಯಾಚೆಯವರನ್ನು ಕರೆಯುವಾಗ ಕೂಗುವ 'ಹ್ವಾಯ್'. ಅದು ಗುಜರಾತಿಯಲ್ಲಿ ಏನೂ ಅಲ್ಲ, ಹಿಂದಿಯಲ್ಲಿ ಏನೂ ಅಲ್ಲ, ಶಾಲೆಯಲ್ಲಿ ಯಾರೂ ಅನ್ನುವುದಿಲ್ಲ. ಮಗಳಿಗೆ ಆ ಸದ್ದೇ ಖುಷಿ. ಯಾರಿಗೆ ಮೊದಲು ಗೊತ್ತಾದರೂ 'ಹ್ವಾಯ್' ಎಂದು ಕೂಗುವುದು. ಮಗಳು ಮೇಜಿನ ಕೆಳಗೆ. ಅತ್ತೆಗೆ ಬಗ್ಗಲು ಆಗದ್ದರಿಂದ ಮೇಜಿನ ಪಕ್ಕ, ಒಳಗೋಡೆಗೆ ಒತ್ತಿಟ್ಟ ಕುರ್ಚಿಯಲ್ಲಿ, ತಲೆಯ ಮೇಲೆ ದಿಂಬು. ಗ್ಯಾಸನ್ನು ಮಧ್ಯಾಹ್ನದ ಅಡುಗೆಯಾದ ಕೂಡಲೇ ಸಿಲಿಂಡರಿನಲ್ಲೇ ಆರಿಸಿಡುವುದೆಂದು ಒಪ್ಪಂದವಾಯಿತು. ಕಪಾಟನ್ನು ಗೋಡೆಗೆ ಮೊಳೆ ಹೊಡೆಸಿದೆ. ಅತ್ತೆ ದಿಂಬು ಹೊತ್ತು ಕೂತಾಗ ಮಗಳು ಬಿದ್ದು ಬಿದ್ದು ನಗುತ್ತಿದ್ದಳು, ಅತ್ತೆಯೂ ದಿಂಬಿನಡಿಯಿಂದ ನಗುತ್ತಿದ್ದರು.

ನಿಂತ ಮೇಲೆ ಇಳಿಯಬೇಕಲ್ಲ? ಅದನ್ನೂ ಒಂದು ಭಾನುವಾರ ಮಾಡಿ ನೋಡಿದೆವು. ಮಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಗೇಟಿನ ಹೊರಗಿದ್ದಳು. ಅತ್ತೆ ಕಂಬಿ ಹಿಡಿದು, ಅಡ್ಡಡ್ಡ ತಿರುಗಿ, ಒಂದು ಕಾಲು ಇಟ್ಟು ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಇನ್ನೊಂದು ಮೆಟ್ಟಿಲು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ. ಎರಡನೇ ಮಹಡಿಯ ತಿರುವಿನಲ್ಲಿ ಅವರ ಕುತ್ತಿಗೆ ಬೆವರಿನಿಂದ ಒದ್ದೆಯಾಗಿತ್ತು. ಪೂರ್ತಿ ಇಳಿಯುವಷ್ಟರಲ್ಲಿ ಮಗಳು ಕೆಳಗೆ ಒಂದು ಆಟ ಮುಗಿಸಿದ್ದಳು. ನಡುಗಿದ ಮೇಲೆ ಮತ್ತೆ ನಡುಗುತ್ತದೆ ಎನ್ನುತ್ತಾರೆ. ಎರಡರ ನಡುವೆ ಅತ್ತೆಗೆ ಇಳಿಯುವಷ್ಟು ಹೊತ್ತು ಯಾರು ಕೊಡುತ್ತಾರೆ?

ಇದೇ ಹೊತ್ತಿಗೆ ನಮ್ಮ ಕಟ್ಟಡದವರ ವಾಟ್ಸಾಪಿನಲ್ಲಿ ಭವಿಷ್ಯ ಬಂತು. ಯಾರೋ ವಿದೇಶದ ಪಂಡಿತ ಗ್ರಹಗಳ ಸಾಲು ನೋಡಿ ಹೇಳಿದ್ದಾನಂತೆ, ಈ ಶನಿವಾರ, ಭಾನುವಾರ ನಮ್ಮೂರ ತಾಪಿ ನದಿಯ ಆಸುಪಾಸಿನಲ್ಲಿ ದೊಡ್ಡ ಭೂಕಂಪ. ವಡೋದರಾದಿಂದ ಇವರ ಫೋನು ಬಂತು.

"ಅಮ್ಮನ್ನೂ ಮಗುನ್ನೂ ಕರ್ಕಂಡ್ ಅಹಮದಾಬಾದಿಗ್ ಹೊರಡು. ಅಕ್ಕನ ಮನೇಲ್ ಇದ್ರಾಯ್ತ್. ನಾನೂ ಅಲ್ಲಿಗೇ ಬತ್ತೆ."

"ಅಲ್ಲಿ ನಿಮ್ಮಕ್ಕ ಇಪ್ಪುದ್ ಒಂಬತ್ತನೇ ಮಹಡಿ. ಮತ್ತೆ ಆವತ್ತಿನ ಭೂಕಂಪದಾಗೆ ಅಹಮದಾಬಾದಿನಷ್ಟ್ ಸೂರತ್ತಲ್ ಬಿದ್ದಿತ್ತಾ?"

"ಅದ್ ಒಂದ್ಸಲ ಆಯಿ ಹೋಯ್ತಲ್ಲ. ಮತ್ತೆ ಅಲ್ಲೇ ಬತ್ತಾ?"

ಇಂಥ ವಿಜ್ಞಾನದ ಮುಂದೆ ನಾನು ಏನು ಹೇಳಲಿ? ಭೂಕಂಪದ ದಿನ ಹೇಳಲು ಯಾರಿಗೂ ಬರುವುದಿಲ್ಲ, ಬಂದಿದ್ದರೆ ಅದು ವಾಟ್ಸಾಪಿನಲ್ಲಿ ಬರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಏಕೆ ಹೋದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅತ್ತೆಗೆ ಬೇಕಾದದ್ದು ದಿನಗಟ್ಟಲೆ ಮುನ್ಸೂಚನೆ ಅಲ್ಲವೇ ಅಲ್ಲ. ಒಂದರ್ಧ ಗಂಟೆ ಮೊದಲು ಯಾರಾದರೂ ನಿಜ ಹೇಳಿದರೆ ಸಾಕಿತ್ತು, ನಿಧಾನಕ್ಕೆ ಇಳಿದು ಮರದ ನೆರಳಲ್ಲಿ ಕೂತಿರುತ್ತಿದ್ದರು. ಈಗ ಫೋನಿನಲ್ಲಿ ಎಚ್ಚರಿಕೆ ಕೊಡುತ್ತಾರೆಂದು ಕಾರ್ಖಾನೆಯಲ್ಲಿ ಹೇಳಿದರು. ಆ ಎಚ್ಚರಿಕೆ ಬಂದು ನಡುಕ ಮುಟ್ಟುವುದರೊಳಗೆ ಅತ್ತೆ ಮಂಚದಿಂದ ಕಾಲು ಕೆಳಗಿಳಿಸಿರುವುದಿಲ್ಲ. ಅವರ ಮೊಣಕಾಲಿಗೆ ಸಾಕಾಗುವ ಮುನ್ಸೂಚನೆ ಸುಳ್ಳುಗಾರರ ಹತ್ತಿರ ಮಾತ್ರ ಇತ್ತು. ಆಸೆ ಎಂಬುದು ಅಷ್ಟು ಹೇಸಿಗೆಯದ್ದು, ಅಲ್ಲಿಗೂ ಕೈ ಚಾಚುತ್ತದೆ.

ಅತ್ತಿಗೆಯ ಮನೆ ವಸ್ತ್ರಾಪುರದಲ್ಲಿ, ಕೆರೆಗೆ ಹತ್ತಿರ. ಒಂಬತ್ತನೇ ಮಹಡಿಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಲೋಟದ ನೀರು ಅಲುಗಿದರೆ ಎಲ್ಲರ ಕಣ್ಣೂ ಲೋಟದ ಮೇಲೆ, ನೋಡಿದರೆ ಯಾರೋ ಮೇಜಿಗೆ ಕಾಲು ತಾಗಿಸಿರುತ್ತಾರೆ. ಭಾನುವಾರ ಸಂಜೆ ಅಲ್ಲಿ ಕೂತಿರಲಾರದೆ ಎಲ್ಲರೂ ಕೆರೆಯ ದಂಡೆಗೆ ಹೋದೆವು. ಜನ ಸುಟ್ಟ ಜೋಳ ತಿನ್ನುತ್ತ ಓಡಾಡುತ್ತಿದ್ದರು. ಇವರು, ಅತ್ತಿಗೆ ಏನೋ ತರಲು ಎದ್ದುಹೋದರು. ಬೆಂಚಿನ ಒಂದು ತುದಿಗೆ ಅತ್ತೆ ಶೇಂಗಾ ಸುಲಿಯುತ್ತ ಕೂತಿದ್ದರು, ಈ ತುದಿಗೆ ನಾನು ಮತ್ತು ಮಗಳು.

ಆಗ ನಾನು ಮಗಳಿಗೆ ಹೇಳಿದೆ. ಮನೆಯಲ್ಲಿ ಕನ್ನಡ ಮಾತಾಡು ಎಂದು ಅವಳ ಪ್ರಾಣ ತಿನ್ನುವ ನಾನು, ಅವತ್ತು ಬೇಕೆಂದೇ ಗುಜರಾತಿಯಲ್ಲಿ ಹೇಳಿದೆ. "ನಡುಗಿ ನಿಂತ ಮೇಲೆ ನೀನು ಇಳಿದು ಹೋಗಬೇಕು. ಬಾ ಬಂದರೂ ಸರಿ, ಬರದಿದ್ದರೂ ಸರಿ. ಕಾಯಬಾರದು. ತಿಳಿಯಿತಾ?" ಅವಳು ನನ್ನನ್ನೇ ನೋಡಿದಳು. ಬಾ ಒಬ್ಬಳೇ ಏನು ಮಾಡುತ್ತಾಳೆ ಎಂದು ಕೇಳಿದಳು. ದೊಡ್ಡವರು ಬಂದು ಎತ್ತಿಕೊಂಡು ಬರುತ್ತಾರೆ ಎಂದೆ. ಅತ್ತೆ ಸುಲಿದ ಶೇಂಗಾವನ್ನು ಮೊಮ್ಮಗಳ ಕೈಗೆ ಹಾಕಿ, ಸಿಪ್ಪೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕೆರೆಯ ಕಡೆ ನೋಡುತ್ತಿದ್ದರು.

ಇದನ್ನು ಬರೆಯುವಾಗ ನನಗೆ ನಾಚಿಕೆಯಿಲ್ಲ. ಇನ್ನೊಮ್ಮೆ ಅಂಥ ಸಂಜೆ ಬಂದರೂ ಹಾಗೆಯೇ ಹೇಳುತ್ತೇನೆ. ಒಬ್ಬರು ಉಳಿಯಬಹುದಾದಲ್ಲಿ ಇಬ್ಬರೂ ಹೋಗುವುದು ಯಾವ ನ್ಯಾಯ? ಆದರೆ ರಾತ್ರಿ ಅತ್ತೆಯ ಕಾಲಿಗೆ ಎಣ್ಣೆ ಹಚ್ಚುವಾಗ ಮುಖ ಎತ್ತಲು ಆಗುತ್ತಿರಲಿಲ್ಲ.

ಭೂಕಂಪ ಬರಲಿಲ್ಲ. ಸೋಮವಾರ ಹಿಂತಿರುಗಿದಾಗ ವಾಟ್ಸಾಪಿನಲ್ಲಿ ಆ ಸಂದೇಶವನ್ನು ಯಾರೂ ಕಳಿಸಿಯೇ ಇರಲಿಲ್ಲವೇನೋ ಎಂಬಂತೆ ಎಲ್ಲರೂ ಅಳಿಸಿಹಾಕಿದ್ದರು. ಇವರು ಒಂದು ವಾರ ಫೋನಿನಲ್ಲಿ ಹವೆಯ ವಿಷಯ ಮಾತ್ರ ಮಾತಾಡಿದರು. ನನ್ನ ಕಾರ್ಖಾನೆಯಲ್ಲಿ, ಬಾರದ ಭೂಕಂಪಕ್ಕೆ ರಜೆ ಹಾಕಿದವಳು ಎಂದು ನನಗೆ ಹೆಸರು ಬಿತ್ತು. ಇವೆಲ್ಲ ಹೋಗಲಿ. ನಿಜವಾದ ನಷ್ಟ ಬೇರೆ. ಭಾನುವಾರದ ಕಸರತ್ತು ನಿಂತುಹೋಯಿತು. 'ಹ್ವಾಯ್' ಎಂದರೆ ಮಗಳು ಟಿವಿಯಿಂದ ಕಣ್ಣು ಕೀಳುತ್ತಿರಲಿಲ್ಲ. ತೋಳ ಬಂತು ತೋಳ ಎಂದು ಕೂಗಿದವನು ಯಾರೋ, ಅದರ ದಂಡ ತೆತ್ತದ್ದು ನಮ್ಮ ಮನೆ. ನಾನೂ ಬೇಸತ್ತು ಸುಮ್ಮನಾದೆ.

ಎರಡನೆಯ ಸಲ ಭೂಮಿ ನಡುಗಿದಾಗ ನನಗೂ ಗೊತ್ತಾಯಿತು. ಲ್ಯಾಬಿನ ಕಪಾಟಿನಲ್ಲಿ ಬಣ್ಣದ ಬಾಟಲಿಗಳು ಒಂದಕ್ಕೊಂದು ತಾಗಿ ಹಲ್ಲು ಕಡಿದ ಹಾಗೆ ಸದ್ದು ಮಾಡಿದವು. ಕಾಲ ಕೆಳಗೆ ಯಾರೋ ಚಾಪೆ ಎಳೆದಂತಾಯಿತು. ಈ ಸಲ ಸೈರನ್‌ಗೆ ಯಾರೂ ಕಾಯಲಿಲ್ಲ, ಸಾಲೂ ಇಲ್ಲ, ತಲೆ ಎಣಿಸುವವನೇ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಬಯಲಿನಲ್ಲಿ ನಿಂತು ಮನೆಗೆ ಫೋನು ಹಚ್ಚಿದೆ. ಹೋಗಲಿಲ್ಲ. ಎದುರು ಮನೆಗೆ ಹಚ್ಚಿದೆ. ಹೋಗಲಿಲ್ಲ. ವಡೋದರಾಕ್ಕೂ ಇಲ್ಲ. ಸೂರತ್ತಿನವರೆಲ್ಲ ಒಟ್ಟಿಗೇ ಫೋನು ಹಿಡಿದಿದ್ದರು. ಮಗಳು ಶಾಲೆಯಿಂದ ಬಂದು ಊಟ ಮಾಡುತ್ತಿರುವ ಹೊತ್ತು ಅದು.

ಯಾರನ್ನೂ ಕೇಳದೆ ಗೇಟು ದಾಟಿ ಆಟೋ ಹತ್ತಿದೆ. ಆ ದಾರಿ ನನಗೆ ದಿನದ ದಾರಿ, ಅವತ್ತು ಮುಗಿಯಲೇ ಇಲ್ಲ. ಜವಳಿ ಮಾರುಕಟ್ಟೆಗಳಿಂದ ಜನ ಹೊರಗೆ ಬಂದು ರಸ್ತೆ ತುಂಬ ನಿಂತಿದ್ದರು. ಗಾಡಿಗಳು ಜರುಗುತ್ತಿರಲಿಲ್ಲ. ಆಟೋದವನು ಹಿಂತಿರುಗಿ, ಏನೂ ಬಿದ್ದಿಲ್ಲವಂತೆ ಬಹೆನ್, ಎಲ್ಲೋ ಒಂದೆರಡು ಹಳೆ ಗೋಡೆ ಅಷ್ಟೇ ಅಂದ. ಯಾವ ಕಡೆ ಹಳೆ ಗೋಡೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ನಾನು ದೇವರನ್ನು ಬಹಳ ಕರೆಯುವವಳಲ್ಲ, ಅವತ್ತು ಕರೆದೆ. ಕರೆದು ಕೇಳಿಕೊಂಡದ್ದು ಇಷ್ಟೇ, ಅವಳು ನನ್ನ ಮಾತು ಕೇಳಿರಲಿ.

ಕತಾರ್‌ಗಾಮ್ ತಲುಪುವ ಹೊತ್ತಿಗೆ ಆಟೋ ಬಿಟ್ಟು ಓಡುತ್ತಿದ್ದೆ. ವಜ್ರದ ಕಾರ್ಖಾನೆಗಳವರೆಲ್ಲ ಬೀದಿಯಲ್ಲಿ. ನಮ್ಮ ಕಟ್ಟಡ ನಿಂತಿತ್ತು. ಗೇಟಿನ ಹೊರಗಿನ ಬಯಲಲ್ಲಿ ನಮ್ಮವರೆಲ್ಲ ಗುಂಪಾಗಿ ನಿಂತಿದ್ದರು. ಮಕ್ಕಳ ಗುಂಪಿನಲ್ಲಿ ಕಣ್ಣು ಹಾಯಿಸಿದೆ. ಎಲ್ಲರ ಮಕ್ಕಳೂ ಇದ್ದರು, ನನ್ನ ಮಗಳಿರಲಿಲ್ಲ.

ಎದುರು ಮನೆಯಾಕೆ ನನ್ನ ಎರಡೂ ತೋಳು ಹಿಡಿದುಕೊಂಡಳು. ಅಳುತ್ತಿದ್ದಳು. ಎಷ್ಟು ಎಳೆದೆ, ಮೇಜಿನ ಕಾಲು ಬಿಡಲಿಲ್ಲ, ನನ್ನ ಮಕ್ಕಳನ್ನು ಇಳಿಸಬೇಕಿತ್ತು, ಏನು ಮಾಡಲಿ ಎಂದಳು. ಆಮೇಲೆ ಗಂಡಸರು ಹೋಗಿ ಕರೆದರೂ ಬರಲಿಲ್ಲವಂತೆ. ಅಜ್ಜಿಯನ್ನು ಎತ್ತಲು ಹೋದರೆ ಅಜ್ಜಿ ಎತ್ತಗೊಡಲಿಲ್ಲವಂತೆ, ಇಳಿಯುವಾಗ ಮತ್ತೆ ನಡುಗಿದರೆ ಎತ್ತಿದವರೂ ಸಾಯುತ್ತಾರೆ ಎಂದು ಕೈಸನ್ನೆ ಮಾಡಿದರಂತೆ. ಈಗ ಮೇಲೆ ಹೋಗಬೇಡ, ಇನ್ನೊಂದು ಸಲ ಬರಬಹುದು ಎಂದು ಯಾರೋ ಕೂಗಿದರು. ನಾನು ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಯ ಗೋಡೆಯ ಗಾರೆ ಉದುರಿ ಮೆಟ್ಟಿಲ ಮೇಲೆ ಬಿದ್ದಿತ್ತು, ಚಪ್ಪಲಿ ಜಾರಿತು.

ಬಾಗಿಲು ತೆರೆದೇ ಇತ್ತು. ನೀರಿನ ಕೊಡ ಉರುಳಿ ನೆಲವೆಲ್ಲ ಒದ್ದೆ. ಅತ್ತೆ ಒಳಗೋಡೆಗೆ ಒತ್ತಿದ ಕುರ್ಚಿಯಲ್ಲಿ, ಮಡಿಲಲ್ಲಿ ದಿಂಬು. ಮಗಳು ಮೇಜಿನ ಕೆಳಗೆ. ಒಂದು ಕೈಯಲ್ಲಿ ಮೇಜಿನ ಕಾಲು, ಇನ್ನೊಂದರಲ್ಲಿ ಅಜ್ಜಿಯ ಪಾದ.

ನನಗೆ ಏನು ಬಂತೋ, ಅವಳನ್ನು ಎಳೆದು ಕೆನ್ನೆಗೆ ಹೊಡೆದೆ. "ಇಳಿ ಅಂತ ಹೇಳಿರಲಿಲ್ವಾ? ಹೇಳಿರಲಿಲ್ವಾ ನಾನು?"

ಅವಳು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, ನನ್ನನ್ನು ನೋಡಿ, ಕನ್ನಡದಲ್ಲಿ, ನನ್ನ ಕನ್ನಡದಲ್ಲಿ ಅಲ್ಲ, ಅತ್ತೆಯದರಲ್ಲಿ ಹೇಳಿದಳು:

"ಅಜ್ಜಿಗ್ ಇಳುಕ್ ಆತಿಲ್ಲೆ, ಅಮ್ಮ."

ನಾನು ಒದ್ದೆ ನೆಲದಲ್ಲೇ ಕೂತು ಇಬ್ಬರ ಕಾಲನ್ನೂ ಹಿಡಿದುಕೊಂಡು ಅತ್ತುಬಿಟ್ಟೆ.

ಮಗಳನ್ನು ಎದುರು ಮನೆಯಾಕೆಯ ಹತ್ತಿರ ಕೆಳಗೆ ಬಿಟ್ಟು ಬಂದೆ. ಈ ಸಲ ನಾನೇ ಅಜ್ಜಿಯನ್ನು ಕರೆತರುತ್ತೇನೆಂದು ಮಾತು ಕೊಟ್ಟ ಮೇಲೆಯೇ ಅವಳು ಇಳಿದದ್ದು. ಅತ್ತೆಯನ್ನು ಎಬ್ಬಿಸಲು ತೋಳು ಹಿಡಿದೆ. ಅವರು ಏಳಲಿಲ್ಲ.

"ಕೂಕೋ ಒಂದ್ ಗಳಿಗೆ," ಅಂದರು. "ಕೆರೆ ದಂಡೆ ಮೇಲ್ ನೀ ಮಗುವಿಗ್ ಹೇಳದ್ದ್ ನಂಗ್ ತಿಳ್ದಿತ್ತ್."

ನಾನು ಹಿಡಿದಿದ್ದ ತೋಳನ್ನು ಬಿಟ್ಟೆ.

"ವಡೋದರಾದಲ್ ನಲವತ್ ವರ್ಷ ಇದ್ದೆ ಮಾರಾಯ್ತಿ. ಗುಜರಾತಿ ಮಾತಾಡುಕ್ ಬತ್ತಿಲ್ಲೆ. ಕೇಂಡ್ ತಿಳ್ಕಂಬುಕ್ ಬತ್ತಿಲ್ಲೆ ಅಂದ್ ಯಾರ್ ಹೇಳ್ರ್?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಹೇಳದ್ದ್ ಸಮ ಇತ್ತ್. ನಿನ್ ಜಾಗದಲ್ ನಾನಿದ್ರೂ ಅದನ್ನೇ ಹೇಳ್ತಿದ್ದೆ. ಇವತ್ ನಾನೂ ಅದನ್ನೇ ಹೇಳ್ದೆ. ಹೋಗ್ ಮಗಾ, ಹೋಗ್ ಅಂದೆ. ಕಾಲಲ್ ದೂಡ್ದೆ. ಅದ್ ಕೇಣ್ಲಿಲ್ಲ."

ಕೆಳಗಿನಿಂದ ಮಗಳು ಕೂಗುವುದು ಕೇಳಿಸುತ್ತಿತ್ತು. ಅತ್ತೆ ಮಡಿಲ ದಿಂಬನ್ನು ಮೇಜಿನ ಮೇಲಿಟ್ಟರು.

"ನಾ ಮೇಲಿದ್ರೆ ಅದ್ ಇಳಿತಿಲ್ಲೆ," ಅಂದರು. ಲೆಕ್ಕ ಒಪ್ಪಿಸಿದ ಹಾಗೆ ಅಷ್ಟು ಸಾದಾ ಆಗಿ ಹೇಳಿದರು. ಆಮೇಲೆ ಎದ್ದು ನನ್ನ ತೋಳು ಹಿಡಿದರು.

ಈಗ ಮಧ್ಯಾಹ್ನದ ಅಡುಗೆ ಬೇಗ ಮುಗಿಯುತ್ತದೆ. ಅತ್ತೆ ಗ್ಯಾಸನ್ನು ಸಿಲಿಂಡರಿನಲ್ಲೇ ಆರಿಸಿ, ಮಗಳ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿ ಕುತ್ತಿಗೆಗೆ ನೇತುಹಾಕಿಕೊಳ್ಳುತ್ತಾರೆ, ಎರಡೂ ಕೈ ಕಂಬಿಗೆ ಬೇಕಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟುಕೊಂಡಿದ್ದಾರೆ, ಅಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಶಾಲೆಯ ವ್ಯಾನು ಬರುವ ಮೊದಲೇ ಗೇಟಿನ ಹೊರಗಿನ ಬಯಲಲ್ಲಿ, ಬೇವಿನ ಮರದ ಕೆಳಗೆ ಕೂತಿರುತ್ತಾರೆ. ಮಗಳು ಅಲ್ಲೇ ಉಣ್ಣುತ್ತಾಳೆ, ಅಲ್ಲೇ ಬರೆಯುತ್ತಾಳೆ, ಅಲ್ಲೇ ಆಡುತ್ತಾಳೆ. ಸೂರತ್ತಿನ ಬಿಸಿಲಿಗೆ ಒಂದು ಕೊಡೆ, ಮಳೆಗೂ ಅದೇ ಕೊಡೆ. ಸಂಜೆ ನಾನು ಬಂದ ಮೇಲೆ ಮೂವರೂ ಹತ್ತುತ್ತೇವೆ, ಅತ್ತೆಯ ಜೊತೆ ನಿಂತು ನಿಂತು. ಬೇಡ ಅತ್ತೆ, ನೆಲಮಹಡಿಯ ಮನೆ ಹುಡುಕುತ್ತಿದ್ದೇವೆ, ಸಿಗುವವರೆಗೆ ಮೇಲೆಯೇ ಇರಿ, ಮೊಣಕಾಲು ಪೂರ್ತಿ ಹೋಗುತ್ತದೆ ಎಂದರೆ ಕೇಳುವುದಿಲ್ಲ. "ಹೋಗ್ಲಿ" ಅನ್ನುತ್ತಾರೆ.

ಅದು ಯಾವ ದಿನ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಅತ್ತೆ ದಿನಾ ಇಳಿಯುತ್ತಾರೆ.